ಎಲ್ಲಿಂದ ಎಣಿಸುವುದು?

ಬೆಂಗಳೂರಿನ ಬಳಿಯ ನಮ್ಮೂರು ಸೋಲದೇವನಹಳ್ಳಿಯ ಹೆಸರನ್ನು ಎರಡು ಬಗೆಯಲ್ಲಿ ಬಿಡಿಸಬಹುದು. ಸೋಲನ್ನೇ ಕಾಣದ ದೇವನ ಹಳ್ಳಿ ಎಂದರೆ ಕನ್ನಡದ ಕಿವಿಗೆ ಹಿತ. ಚೋಳನನ್ನು ತಮಿಳರು ‘ಸೋಳನ್’ ಎನ್ನುತ್ತಾರೆ, ಆದ್ದರಿಂದ ಇದು ಚೋಳದೇವನ ಹಳ್ಳಿ ಎಂದು ಇನ್ನೊಬ್ಬರು ವಾದ ಹೂಡಬಹುದು. ಹನ್ನೊಂದನೆಯ ಶತಮಾನದಲ್ಲಿ ಚೋಳರು ಈ ಸೀಮೆಯನ್ನು ಆಳಿದ್ದು ನಿಜ. ಅದಕ್ಕೆದುರಾಗಿ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲನ್ನು ನಿಲ್ಲಿಸಬಹುದು. ಕನ್ನಡದ್ದು, ಕ್ರಿ.ಶ. 750ರ ಸುಮಾರಿನದು. ಒಂದು ವೇದಿಕೆ, ಒಂದು ಮೈಕು ಸಿಕ್ಕರೆ ಊರಿನ ಹೆಸರಲ್ಲೇ ಜಗಳ ಹೊತ್ತಿಸಬಹುದು. ಸ್ವಾರಸ್ಯವೆಂದರೆ, ಅದಕ್ಕೆ ಯಾರೂ ಸುಳ್ಳು ಹೇಳಬೇಕಾಗಿಲ್ಲ. ಎಲ್ಲಿಂದ ಎಣಿಸುವುದೆಂದು ಮೊದಲೇ ಗೊತ್ತುಮಾಡಿಕೊಂಡರೆ ಸಾಕು.

ಕಾವೇರಿ ಜಗಳ ನೂರು ವರ್ಷಕ್ಕೂ ಮಿಕ್ಕಿ ನಡೆದಿರುವುದು ಹೀಗೆಯೇ. ತಮಿಳುನಾಡು ಕರಿಕಾಲ ಚೋಳನ ಕಲ್ಲಣೆಯಿಂದ ಎಣಿಸುತ್ತದೆ: ಮೊದಲು ಗದ್ದೆಗೆ ನೀರು ಕಟ್ಟಿದವರು ನಾವು. ನಾವು ತಲಕಾವೇರಿಯಿಂದ ಎಣಿಸುತ್ತೇವೆ: ನದಿ ಹುಟ್ಟಿದ್ದು ನಮ್ಮಲ್ಲಿ. (ತಲಕಾವೇರಿಯಿರುವ ಕೊಡಗು ನಮ್ಮ ರಾಜ್ಯದೊಳಗೆ ಬಂದದ್ದು 1956ರಲ್ಲಿ, ಭಾಷಣದಲ್ಲಿ ಅದು ಬರುವುದಿಲ್ಲ.) ಅವರು ಮೈಸೂರು ಮತ್ತು ಮದ್ರಾಸಿನ ನಡುವಿನ 1892 ಮತ್ತು 1924ರ ಒಪ್ಪಂದಗಳನ್ನು ಮುಂದಿಟ್ಟರೆ, ಬ್ರಿಟಿಷರ ಕೈಕೆಳಗಿದ್ದ ಮೈಸೂರಿಗೆ ಒಲ್ಲೆನೆನ್ನುವ ತಾಕತ್ತು ಎಲ್ಲಿತ್ತು ಎನ್ನುತ್ತೇವೆ. ಈ ಮಾತಿಗೆ ತೂಕವಿದೆ. ಆದರೆ ಕೃಷ್ಣರಾಜಸಾಗರ 124 ಅಡಿಯವರೆಗೆ ನೀರು ಹಿಡಿಯಲು ಮದ್ರಾಸು ಒಪ್ಪಿದ್ದು ಅದೇ 1924ರ ಕಾಗದದಲ್ಲಿ. ಕಟ್ಟೆಯ ಬಗ್ಗೆ ಹೆಮ್ಮೆ, ಕಾಗದದ ಬಗ್ಗೆ ಅವಮಾನ. ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತೇವೆ.

ಹಾಗಾದರೆ ಇತಿಹಾಸವನ್ನೇ ಬಿಟ್ಟುಬಿಡೋಣವೇ? ಅದು ಆಗದ ಮಾತು. ಇತಿಹಾಸ ಸಾಕ್ಷಿ ಹೇಳಬಲ್ಲದು. ನಾವು ಅದನ್ನು ಕ್ರಯಪತ್ರ ಮಾಡಿಕೊಂಡದ್ದರಿಂದ ತೊಡಕಾಯಿತು. ಸಾಕ್ಷಿಗೆ ಪಾಟೀಸವಾಲು ಹಾಕಬಹುದು. ಕ್ರಯಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುತ್ತೇವೆ. ಆ ಪೂಜೆಗೆ ಬೆಲೆ ತೆತ್ತವರು ಬೇರೆಯವರು. 1991ರಲ್ಲಿ ಕಾವೇರಿ ನ್ಯಾಯಮಂಡಳಿ, ನಾವು ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಆ ಡಿಸೆಂಬರಿನಲ್ಲಿ ಬೆಂಗಳೂರಿನ ತಮಿಳು ಕೂಲಿಕಾರರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಅವರಲ್ಲಿ ಯಾರೂ 1924ರಲ್ಲಿ ರುಜು ಹಾಕಿದವರಲ್ಲ.

2018ರ ಸುಪ್ರೀಂ ಕೋರ್ಟ್ ತೀರ್ಪು ಒಪ್ಪಂದಗಳನ್ನು ತಳ್ಳಿಹಾಕಲಿಲ್ಲ. 1924ರದಕ್ಕೆ ಐವತ್ತು ವರ್ಷ ತುಂಬಿ 1974ರಲ್ಲಿ ಮುಗಿಯಿತು ಎಂದಿತು. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ಲೆಕ್ಕ ಹಾಕಿದ್ದ ನ್ಯಾಯಮಂಡಳಿಯ ಕ್ರಮವನ್ನು ಒಪ್ಪದೆ, ನಗರದ ಕುಡಿಯುವ ನೀರಿಗೆಂದು 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಆ 4.75ರ ಮಟ್ಟಿಗಾದರೂ ಯಾರ ಮುತ್ತಾತ ಮೊದಲು ಬಂದ ಎಂಬ ಪ್ರಶ್ನೆ ಏಳಲಿಲ್ಲ. ನನಗೆ ಇಡೀ ವಿವಾದದಲ್ಲಿ ಮೆಚ್ಚಿಗೆಯಾದ ಅಂಕಿ ಅದೊಂದೇ.

ನಾವು ಎಣಿಕೆ ಶುರುಮಾಡದ ಇಸವಿಯೊಂದು ನಮ್ಮೂರಲ್ಲೇ ಇದೆ: 1894. ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ, ನೀರನ್ನು ಸೋಲದೇವನಹಳ್ಳಿಗೆ ತಂದು, ಇಲ್ಲಿಂದ ಆವಿ ಪಂಪುಗಳಲ್ಲಿ ಮೇಲೆತ್ತಿ ಬೆಂಗಳೂರಿಗೆ ಕಳಿಸಿದರು. ನಗರಕ್ಕೆ ನಲ್ಲಿ ನೀರು ಬಂದದ್ದು ಹಾಗೆ. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್, ಪಾಲಕ್ಕಾಡಿನ ಕಡೆಯ ತಮಿಳರು. ನಾವು ಹಳಿಯುವ 1892ರ ಒಪ್ಪಂದವಾದದ್ದೂ ಅವರ ಕಾಲದಲ್ಲೇ. ಅವರನ್ನು ಯಾವ ಪಟ್ಟಿಗೆ ಸೇರಿಸುವುದೋ ಭಾಷಣಕಾರರೇ ಹೇಳಬೇಕು.

ಅರ್ಕಾವತಿ ಕಾವೇರಿಯ ಉಪನದಿ. ನಂದಿಬೆಟ್ಟದಲ್ಲಿ ಹುಟ್ಟಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಸೇರುವವರೆಗೂ ನಮ್ಮ ನೆಲದಲ್ಲೇ ಹರಿಯುತ್ತದೆ. ಅದರ ಮೇಲಿನ ಕಣಿವೆಯಲ್ಲಿ ಕೆರೆಗಳ ಕಾಲುವೆ ಮುಚ್ಚಿದವರು, ಕೊಳವೆಬಾವಿ ಕೊರೆದವರು, ಮರಳು ತೆಗೆದವರು ಎಲ್ಲರೂ ನಮ್ಮವರೇ. ಹೆಸರಘಟ್ಟ ಬತ್ತಿತು. ಈಗ ಬೆಂಗಳೂರಿನ ನೀರು ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಏರಿ ಬರಬೇಕು. ಈ ನಷ್ಟಕ್ಕೆ ದಾವೆ ಹೂಡೋಣವೆಂದರೆ ಎದುರು ಪಕ್ಷವಿಲ್ಲ. ಅದಕ್ಕೇ ಇರಬೇಕು, ಅರ್ಕಾವತಿಗಾಗಿ ಬೆಂಗಳೂರು ಬಂದ್ ಆದದ್ದು ನನಗಂತೂ ನೆನಪಿಲ್ಲ.