ಹನ್ನೊಂದು ಸೆಕೆಂಡು

ಅತ್ತೆಯ ಹಾಡು ನನ್ನ ಬಳಿ ಇರುವುದು ಒಂದೇ. ಸಾಗರದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ, ಅಡಿಕೆ ಸುಲಿಯುವ ಕಾಲದ ಒಂದು ರಾತ್ರಿ, ಕೆಲಸದವರೆಲ್ಲ ಹೋದ ಮೇಲೆ ಹಾಡಿಸಿಕೊಂಡದ್ದು. ಎಂಬತ್ತೆರಡು ವರ್ಷದ ಕೊರಳು. ಅದೂ ಒಳಗೆ ಮಲಗಿದ ಮಕ್ಕಳು ಎದ್ದಾವೆಂದು ತಗ್ಗಿಸಿಕೊಂಡದ್ದು. ಹಸೆಗೆ ಕರೆಯುವ ಹಾಡಿನ ಎರಡನೆಯ ನುಡಿಗೂ ಮೂರನೆಯದಕ್ಕೂ ನಡುವೆ ಹನ್ನೊಂದು ಸೆಕೆಂಡು ಇದೆ. ಆಗ ಅತ್ತೆ ತನ್ನಷ್ಟಕ್ಕೆ ಏನೋ ಅಂದಳು ಎನ್ನುತ್ತಾಳೆ, ಅವಳ ಮಗ್ಗುಲಲ್ಲೇ ಕೂತಿದ್ದ ನನ್ನ ತಂಗಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮನೆ ಬಿಟ್ಟುಹೋದ ಮಗನ ಹೆಸರು ಅಂದಳಂತೆ. ನನಗೆ ಹಾಗನ್ನಿಸಿರಲಿಲ್ಲ. ಮುಂದಿನ ಸಾಲನ್ನು ನೆನಪು ಮಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡಿದ್ದೆ. ಮುಂದಿನ ಮಳೆಗಾಲವನ್ನು ಅತ್ತೆ ದಾಟಲಿಲ್ಲ. ಈಗ ವಾಲ್ಯೂಮ್ ಎಷ್ಟು ಏರಿಸಿದರೂ ಆ ಜಾಗದಲ್ಲಿ ಕೇಳುವುದು ಸುಂಯ್ ಎನ್ನುವ ಸದ್ದು ಮಾತ್ರ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು. ಕಾಗದ ಪೆನ್ನು ಹಿಡಿದು ಕೂತೆ. ಅವತ್ತು ಬಳಸಿದ್ದು ಶೂರ್ ಎಸ್‌ಎಂ58, ಭಾಷಣ ಆರ್ಕೆಸ್ಟ್ರಾಗಳಲ್ಲಿ ಎಲ್ಲರೂ ಕಂಡಿರುವ ಡೈನಮಿಕ್ ಮೈಕು. ಒಂದು ಪ್ಯಾಸ್ಕಲ್ ಒತ್ತಡಕ್ಕೆ, ಅಂದರೆ 94 ಡೆಸಿಬೆಲ್ ಸದ್ದಿಗೆ, ಅದು ಕೊಡುವುದು 1.85 ಮಿಲಿವೋಲ್ಟ್. ಮೈಕಿನ ಹತ್ತಿರ 50 ಡೆಸಿಬೆಲ್ ಇರುವ ಮೆಲುದನಿಯ ಹಾಡಿಗೆ ಹನ್ನೆರಡು ಮೈಕ್ರೊವೋಲ್ಟ್ ಸಿಗುತ್ತದೆ. 30 ಡೆಸಿಬೆಲ್‌ನ ಪಿಸುಮಾತಿಗೆ ಒಂದು ಮೈಕ್ರೊವೋಲ್ಟ್ ಮತ್ತು ಚೂರು. ಇದನ್ನು ಸಾವಿರ ಪಟ್ಟು ಹಿಗ್ಗಿಸುವ ಕೆಲಸ ಪ್ರಿಆಂಪಿನದು. ನನ್ನ ಆಗಿನ ರೆಕಾರ್ಡರಿನ ಪ್ರಿಆಂಪು ತಾನೇ ಸುಮಾರು ಒಂದು ಮೈಕ್ರೊವೋಲ್ಟಿನಷ್ಟು ಸದ್ದು ಬೆರೆಸುತ್ತಿತ್ತು. ಹಿಗ್ಗಿಸುವಾಗ ಅದು ಅತ್ತೆಯದು, ಇದು ತನ್ನದು ಎಂದು ಬೇರೆ ಮಾಡುವುದಿಲ್ಲ. ಮಾತು ಇದ್ದಿದ್ದರೂ ಸುಂಯ್‌ನಷ್ಟೇ ಎತ್ತರದಲ್ಲಿ, ಸುಂಯ್‌ನೊಳಗೇ ಇರುತ್ತಿತ್ತು.

ಅಪ್ಪಯ್ಯ ಶೃಂಗೇರಿಯಲ್ಲಿ ತರ್ಕ ಓದಿದವರು. ಊಟದ ಹೊತ್ತಿಗೂ ಗಡಿಗೆಯ ಉದಾಹರಣೆ ಬಿಡುತ್ತಿರಲಿಲ್ಲ. ನೆಲದ ಮೇಲೆ ಗಡಿಗೆ ಇಲ್ಲವೆಂದು ನಮಗೆ ಹೇಗೆ ತಿಳಿಯುತ್ತದೆ? ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಇದಕ್ಕೆಂದೇ ಅನುಪಲಬ್ಧಿ ಎಂಬ ಬೇರೆ ಪ್ರಮಾಣವನ್ನು ಒಪ್ಪಿದರು. ಕಾಣದಿರುವುದೇ ಇಲ್ಲವೆಂಬುದರ ಅರಿವಿಗೆ ದಾರಿ. ನೈಯಾಯಿಕರು ಕಣ್ಣೇ ಸಾಕು, ಅದೇ ಅಭಾವವನ್ನೂ ಹಿಡಿಯುತ್ತದೆ ಎಂದರು. ಜಗಳ ದೊಡ್ಡದು, ಆದರೆ ಒಂದು ಷರತ್ತನ್ನು ಇಬ್ಬರೂ ಬಿಡಲಿಲ್ಲ: ಯೋಗ್ಯತೆ. ಗಡಿಗೆ ಇದ್ದಿದ್ದರೆ ಕಾಣುತ್ತಿತ್ತು ಎನ್ನುವಂತಿರಬೇಕು. ಕತ್ತಲ ಕೋಣೆಯಲ್ಲಿ ಕಾಣಲಿಲ್ಲ ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ. ನನ್ನ ಹನ್ನೊಂದು ಸೆಕೆಂಡು ಆ ಕತ್ತಲ ಕೋಣೆ. ತಂಗಿ ಹೇಳಿದ್ದು ಸುಳ್ಳೆನ್ನಲು ನನಗೆ ಅಧಿಕಾರವಿಲ್ಲ, ನಿಜವೆನ್ನಲೂ ಇಲ್ಲ.

ಆ ಮಗನಿಗಾಗಿ ಅತ್ತೆ ದಿನಾ ಸಂಜೆ ದೇವರ ಮುಂದೆ ದೀಪ ಹಚ್ಚಿ ಕೂರುತ್ತಿದ್ದಳು. ಅಲ್ಲಿಂದ ಯಾರೂ ಉತ್ತರ ಕೊಡುವುದಿಲ್ಲವಲ್ಲ ಎಂದು ಹುಡುಗನಾಗಿದ್ದಾಗ ಸಿಟ್ಟಿನಿಂದ ಅಪ್ಪಯ್ಯನ ಹತ್ತಿರ ಹೇಳಿದ್ದೆ. ಅವರು ಉದಯನನ ‘ನ್ಯಾಯಕುಸುಮಾಂಜಲಿ’ಯ ಮೂರನೆಯ ಸ್ತಬಕಕ್ಕೆ ಕೈಹಾಕಿದರು: ಈಶ್ವರ ಕಣ್ಣಿಗಾಗಲಿ ಕಿವಿಗಾಗಲಿ ಯೋಗ್ಯನಾದ ವಸ್ತುವಲ್ಲ, ಆದ್ದರಿಂದ ಕಾಣದಿರುವುದು ಇಲ್ಲವೆಂಬುದಕ್ಕೆ ಸಾಕ್ಷ್ಯವಾಗದು. ಆ ವಾದದಲ್ಲಿ ನನಗೆ ಇವತ್ತಿಗೂ ಬಿರುಕು ಸಿಕ್ಕಿಲ್ಲ, ಸಮಾಧಾನವೂ ಸಿಕ್ಕಿಲ್ಲ. ಗಡಿಗೆಗಾದರೆ ದೀಪ ತರಬಹುದು. ಯಾವ ದೀಪಕ್ಕೂ ಯೋಗ್ಯವಾಗದ್ದನ್ನು ಕುರಿತು ಇದೇ ಮಾತನ್ನು ಹುಣಸೆಮರದ ದೆವ್ವದ ಪರವಾಗಿಯೂ ಹೇಳಬಹುದಲ್ಲ. ಉದಯನನೂ ಇಷ್ಟಕ್ಕೇ ನಿಲ್ಲಲಿಲ್ಲ, ಈಶ್ವರಸಾಧನೆಗೆ ಐದನೆಯ ಸ್ತಬಕದಲ್ಲಿ ಬೇರೆ ಯುಕ್ತಿಗಳನ್ನು ಕೊಟ್ಟ. ಮೂರನೆಯದು ಇಲ್ಲವೆನ್ನುವವನ ಬಾಯಿ ಕಟ್ಟುತ್ತದೆ. ಅತ್ತೆಗೆ ಬೇಕಿದ್ದದ್ದು ಅದಲ್ಲ.

ನನ್ನಿಂದ ಆಗುವುದು ದೀಪ ತರುವ ಕೆಲಸವಷ್ಟೇ ಎಂದು ಹೊಸ ಪ್ರಿಆಂಪು ಹುಡುಕಿದೆ. ಇದಕ್ಕೊಂದು ಗಡಿ ಇದೆ. 1928ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ಸನ್ ತೋರಿಸಿ ನೈಕ್ವಿಸ್ಟ್ ವಿವರಿಸಿದ ಗಡಿ: ಯಾವ ರೋಧವೇ ಆಗಲಿ, ಬಿಸಿ ಇರುವ ತನಕ ಅದರೊಳಗಿನ ಎಲೆಕ್ಟ್ರಾನುಗಳು ಕದಲುತ್ತವೆ, ಸದ್ದು ಹುಟ್ಟುತ್ತದೆ. 150 ಓಮ್‌ಗೆ ನಮ್ಮ ಕಿವಿಯ ವ್ಯಾಪ್ತಿಯಲ್ಲಿ ಅದು 0.22 ಮೈಕ್ರೊವೋಲ್ಟ್, ಕಂಪನಿಗಳ ಲೆಕ್ಕದಲ್ಲಿ ಮೈನಸ್ 131 ಡಿಬಿಯು. ಎಷ್ಟು ದುಡ್ಡು ಸುರಿದರೂ ಅದರ ಕೆಳಗಿಳಿಯಲಾಗದು. ನಾನು ಕೊಂಡ ಝೂಮ್ ಎಫ್3ಗೆ ಹೇಳಿರುವುದು ಮೈನಸ್ 127, ಅಂದರೆ 0.35 ಮೈಕ್ರೊವೋಲ್ಟ್. ಎರಡು ಪೆನ್‌ಸೆಲ್ ಹಾಕಿದರೆ ಜೋಳಿಗೆಯಲ್ಲಿ ಒಯ್ಯಬಹುದು. ಅದೇ ಮೈಕಿನಲ್ಲಿ ಪಿಸುಮಾತು ಈಗ ಸುಂಯ್‌ಗಿಂತ ಸುಮಾರು ಮೂರು ಪಟ್ಟು ಮೇಲೆ ನಿಲ್ಲುತ್ತದೆ. ಸೆನ್‌ಹೈಸರ್ ಎಂಕೆಎಚ್ 20ರಂಥ ಕಂಡೆನ್ಸರ್ ಮೈಕು ಇರುವವರಿಗೆ ಇಷ್ಟು ತಲೆಬಿಸಿ ಬೇಡ. ಅದರ ಸ್ವಂತ ಸದ್ದೇ ಒಂದೂವರೆ ಮೈಕ್ರೊವೋಲ್ಟಿನ ಆಚೆಈಚೆ ಬರುವುದರಿಂದ, ಪ್ರಿಆಂಪಿನದು ಅದರಡಿಗೆ ಮುಳುಗಿಹೋಗುತ್ತದೆ. ಇನ್ನು, ಮೈಕನ್ನು ಅರ್ಧ ದೂರಕ್ಕೆ ಸರಿಸಿದರೆ ಪುಕ್ಕಟೆಯಾಗಿ ಆರು ಡೆಸಿಬೆಲ್ ಸಿಗುತ್ತದೆ. ಆ ರಾತ್ರಿ ಅತ್ತೆಗೆ ನಾಚಿಕೆಯಾದೀತೆಂದು ನಾನು ಹಿಂದೆ ಸರಿಸಿದ್ದೆ.

ವಿದ್ಯಾರಣ್ಯರ ‘ಪಂಚದಶಿ’ಯಲ್ಲಿ ನಾಟಕದೀಪ ಎಂಬ ಪ್ರಕರಣವಿದೆ. ರಂಗದ ದೀಪ ಒಡೆಯನನ್ನೂ ಸಭಿಕರನ್ನೂ ನರ್ತಕಿಯನ್ನೂ ಒಂದೇ ಸಮ ಬೆಳಗುತ್ತದೆ. ಎಲ್ಲರೂ ಎದ್ದುಹೋದರೂ ಉರಿಯುತ್ತದೆ. ವೇದಾಂತಿಗಳು ಸಾಕ್ಷಿ ಎನ್ನುವ ಒಳಗಿನ ಅರಿವೂ ಹಾಗೆ, ತನ್ನದೇನನ್ನೂ ಬೆರೆಸದೆ ಇದ್ದದ್ದನ್ನು ತೋರಿಸುವುದು. ಜಾನ್ಸನ್ನನ ಗಡಿ ತಿಳಿದವನಿಗೆ ಅಂಥ ದೀಪವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಸಾಕ್ಷಿ ವಸ್ತುವೇ ಅಲ್ಲ, ಅದಕ್ಕೆ ಬಿಸಿ ಎಲ್ಲಿಂದ ಎಂದು ಅಪ್ಪಯ್ಯ ಅನ್ನುತ್ತಿದ್ದರು, ಅದು ಅಲ್ಲಿಗೆ ಸರಿಯೇ. ಆದರೆ ಅತ್ತೆಯನ್ನು ಕೇಳಲು ನನಗಿದ್ದದ್ದು ಬಿಸಿಯಿರುವ ಮೈಕು, ಬಿಸಿಯಿರುವ ಕಿವಿ. ಬೆರೆಸದಿರುವುದು ಇವಕ್ಕೆ ಆಗದು. ಎಷ್ಟು ಬೆರೆಸುತ್ತೇನೆ ಎಂದು ಪ್ರಿಆಂಪು ತನ್ನ ಕಾಗದದಲ್ಲಿ ಅಂಕಿ ಹಾಕಿ ಹೇಳಿಕೊಳ್ಳುತ್ತದೆ. ನನ್ನ ನೆನಪು ಆ ರಾತ್ರಿಗೆ ಎಷ್ಟು ಬೆರೆಸಿದೆಯೆಂದು ಹಾಗೆ ಬರೆದಿಡಲು ನನಗೆ ಬರುವುದಿಲ್ಲ, ತಂಗಿಗೂ ಬರುವುದಿಲ್ಲ.

ಹಳೆಯ ರೆಕಾರ್ಡಿಂಗಿನ ಸುಂಯ್ ತೆಗೆಯಲು ಕಂಪ್ಯೂಟರಿನಲ್ಲಿ ನೋಡಿದ್ದೂ ಆಯಿತು. ಸುಂಯ್ ಹೋಯಿತು, ಜೊತೆಗೆ ನುಡಿಗೆ ಮುಂಚಿನ ಉಸಿರೂ ಹೋಯಿತು. ಹನ್ನೊಂದು ಸೆಕೆಂಡು ಸ್ವಚ್ಛ ಖಾಲಿಯಾಯಿತು. ತಂಗಿ ಕೇಳಿ ಅತ್ತುಬಿಟ್ಟಳು. ಆ ಫೈಲನ್ನು ಅವಳೆದುರೇ ಅಳಿಸಿದೆ.

ಕಳೆದ ಸುಗ್ಗಿಯಲ್ಲಿ ಹೊಸ ಯಂತ್ರವನ್ನು ಅದೇ ಜಗಲಿಯಲ್ಲಿ, ಅದೇ ಹೊತ್ತಿಗೆ ಇಟ್ಟೆ. ಈ ಸಲ ಮೈಕನ್ನು ಅತ್ತೆ ಕೂರುತ್ತಿದ್ದ ಮಣೆಯ ತೀರ ಹತ್ತಿರ ಇಟ್ಟಿದ್ದೆ. ಹಾಡುವವರು ಯಾರೂ ಇರಲಿಲ್ಲ. ಹೆಡ್‌ಫೋನಿನಲ್ಲಿ ಅಡಿಕೆ ಸಿಪ್ಪೆಯ ರಾಶಿ ಒಣಗುತ್ತ ಚಟ್ ಅನ್ನುವುದು, ಒಳಮನೆಯ ಗಡಿಯಾರ, ಹೆಂಚಿನ ಮೇಲಿಂದ ಜಾರುವ ಮಂಜಿನ ಹನಿ ಕೇಳಿದವು. ಹೆಡ್‌ಫೋನನ್ನು ತಂಗಿಗೆ ಕೊಟ್ಟೆ.

“ಇಲ್ಲಿ ಈಗ ಯಾರಾದ್ರೂ ಪಿಸುಗುಟ್ಟಿದ್ರೆ ಕೇಳ್ತಿತ್ತು, ಅಲ್ವಾ ಅಣ್ಣ?” ಎಂದಳು.

“ಕೇಳ್ತಿತ್ತು” ಅಂದೆ.

ಅವಳು ಕಣ್ಣು ಮುಚ್ಚಿಕೊಂಡು, ಬ್ಯಾಟರಿ ಮುಗಿಯುವ ತನಕ ಕೇಳುತ್ತ ಕೂತಳು.