ಉಡುಗೊರೆಯೂ ಅಳತೆಗೋಲೂ

ಯಾವ ಉಡುಗೊರೆಯೂ ಮೂಕವಲ್ಲ. ಕೊಟ್ಟವನು ಪಡೆದವನನ್ನು ಏನೆಂದು ತಿಳಿದಿದ್ದಾನೆಂಬುದನ್ನು ಅದು ಮಾತಿಲ್ಲದೆಯೇ ಹೇಳಿಬಿಡುತ್ತದೆ. ಹೊಸ ಸೊಸೆಗೆ ಅತ್ತೆಯು ತನ್ನ ಮದುವೆಯ ರೇಷ್ಮೆ ಸೀರೆಯನ್ನು ಕೊಟ್ಟರೆ, ನೀನು ಈ ಮನೆಯವಳೆಂದು ಆ ಸೀರೆ ಸಾರುತ್ತದೆ. ಓದುವ ಹುಡುಗನಿಗೆ ಸೋದರಮಾವನು ಒಂದು ಗ್ರಂಥವನ್ನು ಕೊಟ್ಟರೆ, ನೀನು ಇದಕ್ಕೆ ಯೋಗ್ಯನೆಂದು ಆ ಗ್ರಂಥ ಸಾರುತ್ತದೆ. ಆದರೆ ಅರುವತ್ತು ತುಂಬಿದ ದಿನವೇ ತಂದೆಯ ಕೈಗೆ ಊರುಗೋಲನ್ನು ಕೊಡುವ ಮಗನು ಏನನ್ನು ಸಾರಿದಂತಾಯಿತು? ಕೋಲು ಉಪಯುಕ್ತವಾದ ವಸ್ತುವೆಂಬುದರಲ್ಲಿ ಸಂದೇಹವಿಲ್ಲ. ಅದಕ್ಕೆ ಬೆಳ್ಳಿಯ ಕಟ್ಟೂ ಇರಬಹುದು. ಆದರೂ ಅದನ್ನು ಪಡೆದವನು ಮೊದಲು ನೋಡಿಕೊಳ್ಳುವುದು ಬೆಳ್ಳಿಯನ್ನಲ್ಲ, ತನ್ನ ಕಾಲನ್ನು. ಪ್ರೀತಿಯೂ ಪ್ರಯೋಜನವೂ ಒಂದೇ ವಸ್ತುವಿನಲ್ಲಿ ಕೂಡಿದ್ದಾಗಲೂ ಕೊಡುವಿಕೆಯು ನೋಯಿಸಬಲ್ಲದೆಂದಮೇಲೆ, ಆಯ್ಕೆಯು ಕೇವಲ ಅಂಗಡಿಯ ವ್ಯವಹಾರವಲ್ಲ. ಅದು ಧರ್ಮಾಧರ್ಮಗಳ ವಿಚಾರವೂ ಅಹುದು.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ದಾನವನ್ನು ಮೂರು ಬಗೆಯಾಗಿ ವಿಂಗಡಿಸಿದೆ. ದೇಶ ಕಾಲ ಪಾತ್ರಗಳನ್ನು ಅರಿತು, ಪ್ರತಿಫಲವನ್ನು ಎಣಿಸದೆ ಕೊಟ್ಟದ್ದು ಸಾತ್ತ್ವಿಕ. ಮರಳಿ ಏನಾದರೂ ಬರಲೆಂದು ಕೊಟ್ಟದ್ದು ರಾಜಸ. ಆದರವಿಲ್ಲದೆ ಕೊಟ್ಟದ್ದು ತಾಮಸ. ಈ ವಿಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಈಚಿನ ಒಂದು ಉಡುಗೊರೆಯನ್ನು ಪರೀಕ್ಷಿಸಬಹುದು. ಮಣಿಕಟ್ಟಿಗೆ ಕಟ್ಟಿಕೊಂಡು ಹೆಜ್ಜೆ, ನಾಡಿ, ನಿದ್ರೆಗಳ ಲೆಕ್ಕವಿಡುವ ಫಿಟ್‌ನೆಸ್ ಬ್ಯಾಂಡು ಇಂದು ಹುಟ್ಟುಹಬ್ಬಕ್ಕೂ ದೀಪಾವಳಿಗೂ ಷಷ್ಟ್ಯಬ್ದಪೂರ್ತಿಗೂ ಧಾರಾಳವಾಗಿ ಕೊಡಲ್ಪಡುತ್ತಿದೆ. ಸೀರೆಯಾಗಲಿ ಗ್ರಂಥವಾಗಲಿ ಕೊಟ್ಟ ಮೇಲೆ ಕೊಟ್ಟವನ ಕಡೆಗೆ ತಿರುಗಿ ನೋಡುವುದಿಲ್ಲ. ಈ ವಸ್ತುವಾದರೋ ಪಡೆದವನ ಕೈಯ ಮೇಲೆ ಕುಳಿತು, ಬಿಟ್ಟರೆ ಕೊಟ್ಟವನಿಗೆ ದಿನವೂ ವರದಿಯನ್ನು ಕಳುಹಿಸಬಲ್ಲದು. ಹಾಗಾದರೆ ಇದನ್ನು ಯಾವ ವರ್ಗಕ್ಕೆ ಸೇರಿಸಬೇಕು?

ವಿಚಾರದ ಸೌಕರ್ಯಕ್ಕಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮಲೆನಾಡಿನ ಒಂದು ಪಟ್ಟಣದಲ್ಲಿ ಎಪ್ಪತ್ತರ ಹತ್ತಿರದ ನಿವೃತ್ತ ಉಪಾಧ್ಯಾಯರೊಬ್ಬರು ಪತ್ನಿಯೊಡನೆ ವಾಸವಾಗಿದ್ದಾರೆ. ಮಗನು ಸಮುದ್ರದಾಚೆ ಉದ್ಯೋಗದಲ್ಲಿದ್ದಾನೆ. ರಾತ್ರಿ ಅಕಾಲದಲ್ಲಿ ಫೋನು ಮೊಳಗಿದರೆ ಅವನ ಎದೆ ನಡುಗುತ್ತದೆ. ಊರಿಗೆ ಬಂದುಹೋಗಲು ರಜೆಯಿಲ್ಲ; ಹಣಕ್ಕೆ ಕೊರತೆಯಿಲ್ಲ. ಈ ಸ್ಥಿತಿಯಲ್ಲಿ ಅವನು ತಂದೆಗೆ ಒಂದು ಬ್ಯಾಂಡನ್ನು ಕಳುಹಿಸಬೇಕೆಂದು ನಿಶ್ಚಯಿಸಿದರೆ ಅವನನ್ನು ನಿಂದಿಸುವವರಾರು? ಆದರೂ ಅವನು ಕೊಳ್ಳುತ್ತಿರುವುದು ತಂದೆಯ ಆರೋಗ್ಯವನ್ನೋ ತನ್ನ ನೆಮ್ಮದಿಯನ್ನೋ ಎಂಬುದನ್ನು ಅವನು ತನ್ನೊಳಗೇ ಕೇಳಿಕೊಳ್ಳಬೇಕಾಗುತ್ತದೆ.

ಮೊದಲು ಈ ಯಂತ್ರಕ್ಕೆ ನಿಜವಾಗಿ ಏನು ತಿಳಿಯುತ್ತದೆ ಎಂಬುದನ್ನು ನೋಡಬೇಕು. ಅದರೊಳಗಿನ ಒಂದು ಸೂಕ್ಷ್ಮ ಮಾಪಕವು ಕೈಯ ಚಲನೆಯಲ್ಲಾಗುವ ವೇಗದ ಏರಿಳಿತವನ್ನು ಗ್ರಹಿಸುತ್ತದೆ. ನಡಿಗೆಗೆ ಸಹಜವಾದ ತೂಗಾಟವನ್ನು ಗುರುತಿಸಿ ಅದನ್ನು ಹೆಜ್ಜೆಯೆಂದು ಎಣಿಸುತ್ತದೆ. ಅಡಿಯಲ್ಲಿ ಮಿನುಗುವ ಹಸುರು ಬೆಳಕನ್ನು ರಕ್ತವು ಹೀರುತ್ತದೆ. ನಾಡಿಯ ಒಂದೊಂದು ಬಡಿತಕ್ಕೂ ಮರಳಿ ಬರುವ ಬೆಳಕು ಹೆಚ್ಚು ಕಡಮೆಯಾಗುವುದರಿಂದ ಬಡಿತದ ಲೆಕ್ಕ ಸಿಗುತ್ತದೆ. ನಿದ್ರೆಯನ್ನಂತೂ ಅದು ಕಾಣುವುದೇ ಇಲ್ಲ. ಕೈಯ ನಿಶ್ಚಲತೆಯಿಂದಲೂ ನಾಡಿಯ ಗತಿಯಿಂದಲೂ ಊಹಿಸುತ್ತದೆ. ಆದಕಾರಣ ಉಪಾಧ್ಯಾಯರು ಕೋಲನ್ನೂರಿಕೊಂಡು ಕೆರೆಯ ಏರಿಯ ಮೇಲೆ ನಿಧಾನವಾಗಿ ನಡೆದರೆ, ಕೋಲು ಹಿಡಿದ ಕೈ ತೂಗದಿರುವುದರಿಂದ ಎಷ್ಟೋ ಹೆಜ್ಜೆಗಳು ಲೆಕ್ಕಕ್ಕೆ ಬಾರದೆ ಹೋಗಬಹುದು. ಅವರ ಪತ್ನಿ ಕುಳಿತಲ್ಲಿಯೇ ಮಜ್ಜಿಗೆ ಕಡೆದರೆ ಯಂತ್ರವು ಆಕೆಯನ್ನು ಒಂದಷ್ಟು ದೂರ ನಡೆಸಿಬಿಡಬಹುದು. ಆಕೆಯೇ ಎರಡು ಕೈಯಲ್ಲಿ ಕೊಡ ಹಿಡಿದು ಬಾವಿಯಿಂದ ಬಂದರೆ ಆ ನಡಿಗೆ ಕಾಣದಿರಬಹುದು. ಅಳತೆಯು ಸುಳ್ಳೆಂದು ಇದರ ತಾತ್ಪರ್ಯವಲ್ಲ. ಅದು ಬಾಳಿನ ಒಂದು ನೆರಳು. ನೆರಳಿಗೆ ನೆರಳಿನ ಗೌರವ ಸಲ್ಲಬೇಕು, ದೇಹದ ಗೌರವ ಸಲ್ಲಬಾರದು.

ದೇಹವನ್ನು ಅಳೆಯುವ ಆಸೆ ಹೊಸದೇನೂ ಅಲ್ಲ. ಇಟಲಿಯ ಪಾದುವಾದಲ್ಲಿ ಅಧ್ಯಾಪಕನಾಗಿದ್ದ ಸಾಂತೋರಿಯೊ ಎಂಬ ವೈದ್ಯನು (೧೫೬೧–೧೬೩೬) ದೊಡ್ಡದೊಂದು ತಕ್ಕಡಿಗೆ ಪೀಠವನ್ನು ತೂಗುಹಾಕಿ, ಅದರಲ್ಲಿ ಕುಳಿತು, ತಾನು ಉಂಡದ್ದನ್ನೂ ವಿಸರ್ಜಿಸಿದ್ದನ್ನೂ ತನ್ನ ತೂಕವನ್ನೂ ವರ್ಷಗಟ್ಟಲೆ ತೂಗಿನೋಡಿ, ೧೬೧೪ರಲ್ಲಿ ಆ ವಿಚಾರವಾಗಿ ಗ್ರಂಥವನ್ನು ಪ್ರಕಟಿಸಿದನು. ೧೭೦೭ರಲ್ಲಿ ಇಂಗ್ಲೆಂಡಿನ ಜಾನ್ ಫ್ಲಾಯರ್ ಎಂಬ ವೈದ್ಯನು ನಾಡಿಯನ್ನು ಎಣಿಸಲೆಂದೇ ಒಂದು ನಿಮಿಷ ಓಡುವ ಗಡಿಯಾರದ ವಿಷಯವಾಗಿ ಬರೆದನು. ಟೋಕಿಯೋ ಒಲಿಂಪಿಕ್ ಕ್ರೀಡೆಗಳು ಮುಗಿದ ಮರುವರ್ಷ, ಎಂದರೆ ೧೯೬೫ರಲ್ಲಿ, ಜಪಾನಿನ ಯಮಾಸಾ ಎಂಬ ಸಂಸ್ಥೆಯು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಯಂತ್ರವೊಂದನ್ನು ಮಾರಾಟಕ್ಕೆ ತಂದಿತು. ಅದರ ಹೆಸರು ಮಾನ್‌ಪೋ-ಕೇ. ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದು ಅದರ ಅರ್ಥ. ಇಂದು ಲೋಕವೆಲ್ಲ ಆರೋಗ್ಯದ ಗಡಿಗಲ್ಲೆಂದು ನಂಬಿರುವ ಹತ್ತು ಸಾವಿರವು ಹೀಗೆ ಒಂದು ಸರಕಿನ ಹೆಸರಾಗಿ ಪ್ರಸಿದ್ಧಿಗೆ ಬಂದದ್ದು. ಅಮೆರಿಕದಲ್ಲಿ ಸರಾಸರಿ ೭೨ ವರ್ಷ ವಯಸ್ಸಿನ ೧೬,೭೪೧ ಮಂದಿ ಸ್ತ್ರೀಯರನ್ನು ಕುರಿತು ನಡೆದು ೨೦೧೯ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು ೨,೭೦೦ ಹೆಜ್ಜೆ ನಡೆಯುವವರಿಗಿಂತ ೪,೪೦೦ ಹೆಜ್ಜೆ ನಡೆಯುವವರಲ್ಲಿ ಮರಣದ ಪ್ರಮಾಣವು ಕಡಮೆಯಾಗಿತ್ತು. ಸುಮಾರು ೭,೫೦೦ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ.

ಪ್ರಾಚೀನರಲ್ಲಿಯೂ ಅಳತೆಯಿತ್ತು. ವ್ಯಾಯಾಮವನ್ನು ಅರ್ಧಶಕ್ತಿಯವರೆಗೆ ಮಾತ್ರ ಮಾಡಬೇಕೆಂದು ವಾಗ್ಭಟನ ಅಷ್ಟಾಂಗಹೃದಯವು ವಿಧಿಸುತ್ತದೆ. ಉಸಿರು ಬಾಯಿಗೆ ಬರುವುದೇ ಅರ್ಧಬಲದ ಗುರುತೆಂದು ಸುಶ್ರುತಸಂಹಿತೆ ತಿಳಿಸುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಬಲಶಾಲಿಯ ಅರ್ಧವೂ ದುರ್ಬಲನ ಅರ್ಧವೂ ಒಂದೇ ಅಲ್ಲ. ಗುರುತನ್ನು ಕಾಣುವವನು ವ್ಯಾಯಾಮ ಮಾಡುವವನೇ. ಸಾಂತೋರಿಯೊನಾದರೂ ತನ್ನ ತಕ್ಕಡಿಯಲ್ಲಿ ತನ್ನ ಇಚ್ಛೆಯಿಂದ ಕುಳಿತನು, ಕೂಡಿಸಿದವರು ಬೇರೊಬ್ಬರಲ್ಲ. ಅಳತೆಗಾರನೂ ಅಳೆಯಲ್ಪಡುವವನೂ ಒಬ್ಬನೇ ಆಗಿದ್ದಾಗ ಅಳತೆಯು ಆತ್ಮಜ್ಞಾನಕ್ಕೆ ಸಾಧನ. ಇಬ್ಬರೂ ಬೇರೆಯಾದೊಡನೆ ಅದು ಆಡಳಿತಕ್ಕೆ ಸಾಧನವಾಗತೊಡಗುತ್ತದೆ. ಸಂಖ್ಯೆಯು ಬದಲಾಗಲಿಲ್ಲ, ಅದು ಯಾರ ಕೈಯಲ್ಲಿದೆ ಎಂಬುದು ಬದಲಾಯಿತು.

ಇದಕ್ಕೆ ಪೂರ್ವಪಕ್ಷವು ದುರ್ಬಲವೇನೂ ಅಲ್ಲ. ಎಣಿಕೆಯಿಂದ ಜನರು ಹೆಚ್ಚು ನಡೆಯುತ್ತಾರೆಂಬುದಕ್ಕೆ ಪ್ರಮಾಣವಿದೆ: ಹೆಜ್ಜೆಯಂತ್ರಗಳನ್ನು ಕುರಿತ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೦೭ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದು ದಿನಕ್ಕೆ ಸುಮಾರು ೨,೫೦೦ ಹೆಜ್ಜೆಗಳ ಹೆಚ್ಚಳವನ್ನು ತೋರಿಸಿತು. ೨೦೧೯ರಲ್ಲಿ ಪ್ರಕಟವಾದ ಆ್ಯಪಲ್ ಹಾರ್ಟ್ ಸ್ಟಡಿಯಲ್ಲಿ ೪,೧೯,೨೯೭ ಜನರು ಕೈಗಡಿಯಾರವನ್ನು ಧರಿಸಿದ್ದರು. ನಾಡಿಯ ಗತಿ ತಪ್ಪಿದೆಯೆಂಬ ಎಚ್ಚರಿಕೆ ಬಂದದ್ದು ನೂರಕ್ಕೆ ಅರ್ಧದಷ್ಟು ಜನರಿಗೆ ಮಾತ್ರ. ಹಾಗೆ ಎಚ್ಚರಿಕೆ ಪಡೆದು, ಮುಂದಿನ ಪರೀಕ್ಷೆಯನ್ನು ಪೂರೈಸಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲಿನವರಿಗೆ ಹೃದಯದ ಲಯದೋಷವಿದ್ದುದು ಖಚಿತವಾಯಿತು. ಆ ಒಬ್ಬನು ತನ್ನ ತಂದೆಯೇ ಆಗಿರಬಹುದಲ್ಲವೆ ಎಂದು ಮಗನು ಕೇಳಿದರೆ ಅದಕ್ಕೆ ಹಗುರವಾದ ಉತ್ತರ ಸಲ್ಲದು.

ಆದರೆ ಎದುರಿನ ಸಾಕ್ಷ್ಯವೂ ಉಂಟು. ತೂಕ ಇಳಿಸಲೆಂದು ಎರಡು ವರ್ಷ ನಡೆಸಿದ ಪ್ರಯೋಗವೊಂದರ ಫಲವು ೨೦೧೬ರಲ್ಲಿ ಹೊರಬಂತು. ಎಲ್ಲರಿಗೂ ಒಂದೇ ಬಗೆಯ ಬೋಧನೆ ದೊರೆತಿದ್ದರೂ, ಯಂತ್ರವನ್ನು ಧರಿಸಿದವರು ಸರಾಸರಿ ೩.೫ ಕಿಲೋಗ್ರಾಂ ಇಳಿದರೆ ಧರಿಸದವರು ೫.೯ ಕಿಲೋಗ್ರಾಂ ಇಳಿದರು. ಅದೇ ವರ್ಷ ಜೋರ್ಡನ್ ಎಟ್ಕಿನ್ ಎಂಬ ವಿದುಷಿಯ ಪ್ರಯೋಗಗಳು ಬೇರೊಂದನ್ನು ತೋರಿಸಿದವು: ಮಾಡುವ ಕೆಲಸವನ್ನು ಎಣಿಸತೊಡಗಿದರೆ ಕೆಲಸವು ಹೆಚ್ಚುತ್ತದೆ, ಅದರ ಸಂತೋಷವು ಕುಗ್ಗುತ್ತದೆ. ನಿದ್ರೆಯ ಅಂಕಿಗಳನ್ನು ಸರಿಪಡಿಸುವ ಚಿಂತೆಯಲ್ಲಿಯೇ ನಿದ್ರೆ ಕೆಡಿಸಿಕೊಳ್ಳುವವರಿಗಾಗಿ ೨೦೧೭ರಲ್ಲಿ ವೈದ್ಯರು ‘ಆರ್ಥೊಸಾಮ್ನಿಯಾ’ ಎಂಬ ಹೊಸ ಹೆಸರನ್ನೇ ಕಟ್ಟಬೇಕಾಯಿತು. ವಸ್ತುವು ಎಲ್ಲರಿಗೂ ಹಿತವಲ್ಲ, ಎಲ್ಲರಿಗೂ ಅಹಿತವೂ ಅಲ್ಲ. ಪಾತ್ರವನ್ನು ಅರಿತು ಕೊಡಬೇಕೆಂಬ ಹಳೆಯ ಮಾತಿಗೇ ವಿಚಾರವು ಮರಳುತ್ತದೆ.

ಈಗ ಆ ಮನೆಯನ್ನು ಮತ್ತೆ ನೋಡಬಹುದು. ಬ್ಯಾಂಡು ಬಂತು, ತಂದೆಯ ಮೊಬೈಲಿಗೆ ಜೋಡಣೆಯಾಯಿತು, ಮಗನ ಮೊಬೈಲಿಗೂ ಲೆಕ್ಕ ಹೋಗುವಂತೆ ಏರ್ಪಾಡಾಯಿತು. ಮೊದಲ ವಾರ ಎಲ್ಲವೂ ವಿನೋದ. ಎರಡನೆಯ ವಾರ ಮಂಗಳವಾರದಂದು ಮಳೆ ಹಿಡಿದು ಉಪಾಧ್ಯಾಯರು ಹೊರಗೆ ಹೋಗಲಿಲ್ಲ. ಸಂಜೆ ಫೋನು ಬಂತು: “ಅಪ್ಪಾ, ಇವತ್ತು ಯಾಕೆ ನಡೆಯಲಿಲ್ಲ?” ಮೊದಲು “ಹೇಗಿದ್ದೀರಿ?” ಎಂದು ಆರಂಭವಾಗುತ್ತಿದ್ದ ಮಾತು ಇಂದು “ಯಾಕೆ?” ಎಂದು ಆರಂಭವಾಯಿತು. ಮೂವತ್ತು ವರ್ಷ ಹುಡುಗರ ಹಾಜರಿ ಕರೆದವರು ಈಗ ತಾವೇ ಹಾಜರಿ ಕೊಡಬೇಕಾಯಿತು. ಮುಂದಿನ ವಾರ ಅವರು ಜಗಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಾ ಎಡಗೈಯನ್ನು ಸುಮ್ಮನೆ ಆಡಿಸುತ್ತಿದ್ದರೆ ಆಶ್ಚರ್ಯವೇನು? ಮಗನಿಗೆ ಹೆಜ್ಜೆಗಳು ಸಂದವು. ತಂದೆಯ ಸತ್ಯಸಂಧತೆಗೆ ಸಣ್ಣದೊಂದು ಮುಕ್ಕು ಬಿತ್ತು. ಕೊಟ್ಟದ್ದಕ್ಕೆ ಪ್ರತಿಯಾಗಿ ಮಗನು ಹಣವನ್ನು ಬಯಸಲಿಲ್ಲ, ಕೀರ್ತಿಯನ್ನು ಬಯಸಲಿಲ್ಲ, ಅಂಕಿಗಳನ್ನು ಬಯಸಿದನು. ಆದರೂ ಬಯಕೆ ಬಯಕೆಯೇ. ಸಾತ್ತ್ವಿಕವೆಂದು ಹೊರಟದ್ದು ಅರಿವಿಲ್ಲದೆಯೇ ರಾಜಸದ ಎಲ್ಲೆಯೊಳಗೆ ಕಾಲಿಟ್ಟಿತು.

ಲೆಕ್ಕವು ಮನೆಯೊಳಗೇ ಉಳಿಯುತ್ತದೆಂಬ ಭರವಸೆಯೂ ಇಲ್ಲ. ಸ್ಟ್ರಾವಾ ಎಂಬ ಸಂಸ್ಥೆಯು ೨೦೧೭ರ ನವೆಂಬರಿನಲ್ಲಿ, ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಬೆಳಗಿಸಿ ತೋರಿಸುವ ಜಗತ್ತಿನ ನಕ್ಷೆಯೊಂದನ್ನು ಪ್ರಕಟಿಸಿತು. ಸೈನಿಕರು ವ್ಯಾಯಾಮಕ್ಕೆಂದು ಸುತ್ತಿದ ಹಾದಿಗಳಿಂದ ಸೇನಾನೆಲೆಗಳ ರೂಪರೇಖೆಯೇ ಅದರಲ್ಲಿ ಮೂಡಿರುವುದು ೨೦೧೮ರ ಜನವರಿಯಲ್ಲಿ ಜನರ ಕಣ್ಣಿಗೆ ಬಿತ್ತು. ಒಬ್ಬೊಬ್ಬನೂ ತನ್ನ ಹೆಜ್ಜೆಯನ್ನು ಮಾತ್ರ ಎಣಿಸಿಕೊಂಡಿದ್ದನು. ಎಲ್ಲವೂ ಕೂಡಿದಾಗ ಯಾರೂ ಹೇಳಬಯಸದ ಸಂಗತಿ ಹೊರಬಿತ್ತು. ಇನ್ನೊಬ್ಬರ ದೇಹದ ಲೆಕ್ಕವನ್ನು ಹುಟ್ಟಿಸುವ ವಸ್ತುವನ್ನು ಕೊಡುವವನ ಹೊಣೆ ಪೆಟ್ಟಿಗೆಯನ್ನು ಒಪ್ಪಿಸಿದೊಡನೆ ತೀರುವುದಿಲ್ಲ.

ಹೀಗೆಂದಮಾತ್ರಕ್ಕೆ ಈ ಉಡುಗೊರೆ ತ್ಯಾಜ್ಯವೆಂದು ತೀರ್ಮಾನಿಸುವುದು ಆತುರವಾದೀತು. ಆರಿಸುವವನು ಬೆಲೆ ಬಣ್ಣಗಳಿಗಿಂತ ಮೊದಲು ಕೆಲವು ಪ್ರಶ್ನೆಗಳನ್ನು ತೀರಿಸಿಕೊಂಡರೆ ಸಾಕು. ಪಡೆಯುವವನಿಗೆ ಅದು ಬೇಕೆ? ಈ ಒಂದು ಉಡುಗೊರೆಯ ಮಟ್ಟಿಗೆ ಅಚ್ಚರಿಗೊಳಿಸುವ ಸುಖವನ್ನು ಬಿಟ್ಟು ಮುಂಚಿತವಾಗಿ ಕೇಳುವುದೇ ಮರ್ಯಾದೆ. ಲೆಕ್ಕವು ಯಾರ ಮೊಬೈಲಿನಲ್ಲಿರುತ್ತದೆ? ಧರಿಸಿದವನಲ್ಲಿ ಮಾತ್ರ ಇರಲಿ. ಅವನಾಗಿ ಹಂಚಿಕೊಂಡರೆ ಅದು ಅವನ ಪ್ರತಿ-ಉಡುಗೊರೆ, ಕೇಳಿ ಪಡೆದರೆ ಅದು ಕಂದಾಯ. ಬೇಸರ ಬಂದಾಗ ಅದನ್ನು ಬಿಚ್ಚಿ ಪೆಟ್ಟಿಗೆಯಲ್ಲಿಡಲು ಅವನಿಗೆ ಸಂಕೋಚವಾಗದಷ್ಟು ಸಲಿಗೆ ಉಂಟೆ? ದಿನದ ಗುರಿಯನ್ನು ಅವನ ಬಲಕ್ಕೆ ತಕ್ಕಂತೆ ಇಳಿಸಿಡಲಾಗಿದೆಯೆ? ಅಕ್ಷರಗಳು ವೃದ್ಧರ ಕಣ್ಣಿಗೆ ಕಾಣುವಷ್ಟು ದೊಡ್ಡವಾಗಿರುವುದು, ಒಮ್ಮೆ ಚಾರ್ಜು ಮಾಡಿದರೆ ಹಲವು ದಿನ ನಡೆಯುವುದು, ಪಟ್ಟಿಯು ಚರ್ಮವನ್ನು ಕೆರಳಿಸದಿರುವುದು, ಇವೂ ಆದರದ ಅಂಗಗಳೇ. ನೂರು ಸೌಲಭ್ಯಗಳುಳ್ಳ ವಸ್ತುವನ್ನು ಬಳಸಲಾರದವರಿಗೆ ಕೊಟ್ಟು ಅವರನ್ನು ದಡ್ಡರನ್ನಾಗಿಸುವುದು ಬುದ್ಧಿವಂತಿಕೆಯಲ್ಲ.

ಇಲ್ಲಿ ಕಠಿನವಾದ ಒಂದು ಪ್ರಶ್ನೆ ಉಳಿಯುತ್ತದೆ. ತಂದೆಯು ಈಗಾಗಲೇ ಎರಡು ಸಲ ಬಿದ್ದಿದ್ದರೆ, ಅಥವಾ ನೆನಪು ಅಳಿಸಿ ದಾರಿ ತಪ್ಪುವವರಾಗಿದ್ದರೆ, ಆಗಲೂ ಅವರ ಇಷ್ಟವನ್ನೇ ಕಾಯುತ್ತಾ ಕುಳಿತಿರಬೇಕೆ? ಬೇಡ. ಆದರೆ ಆಗ ಅದು ಉಡುಗೊರೆಯಲ್ಲ, ಚಿಕಿತ್ಸೆ. ಚಿಕಿತ್ಸೆಯನ್ನು ಚಿಕಿತ್ಸೆಯೆಂದೇ ಕರೆದು, ವೈದ್ಯರೊಡನೆಯೂ ಮನೆಯವರೊಡನೆಯೂ ಆಲೋಚಿಸಿ, ಸಾಧ್ಯವಾದಷ್ಟೂ ರೋಗಿಗೆ ತಿಳಿಯಹೇಳಿ ಮಾಡಬೇಕು. ಔಷಧಕ್ಕೆ ಬಣ್ಣದ ಕಾಗದ ಸುತ್ತಿ ಹಬ್ಬದ ದಿನ ಕೈಗಿಟ್ಟರೆ, ಬೇಡವೆನ್ನುವ ಹಕ್ಕನ್ನು ಹಬ್ಬದ ಮರ್ಯಾದೆಯಿಂದ ಕಟ್ಟಿಹಾಕಿದಂತಾಗುತ್ತದೆ. ಪ್ರೀತಿಯಲ್ಲಿ ವಂಚನೆ ಬೆರೆಯುವುದು ಅಲ್ಲಿಯೇ.

ನಾಡಿಯನ್ನು ನೋಡುವ ವೈದ್ಯನು ರೋಗಿಯ ಮಣಿಕಟ್ಟನ್ನು ತನ್ನ ಬೆರಳುಗಳಿಂದ ಹಿಡಿಯುತ್ತಾನೆ. ಅವನಿಗೆ ಬಡಿತ ತಿಳಿಯುವ ಆ ಕ್ಷಣದಲ್ಲಿಯೇ ರೋಗಿಗೆ ತನ್ನನ್ನು ಯಾರೋ ಹಿಡಿದಿದ್ದಾರೆಂಬುದು ತಿಳಿಯುತ್ತದೆ. ಬ್ಯಾಂಡಿನಲ್ಲಿ ಮೊದಲನೆಯದು ಉಂಟು, ಎರಡನೆಯದು ಇಲ್ಲ. ಸಮುದ್ರದಾಚೆಯ ಮಗನು ಆ ಎರಡನೆಯದನ್ನು ಹೇಗೆ ಕಳುಹಿಸಬೇಕು? ಅಂಗಡಿಯಲ್ಲಿ ಅದು ದೊರೆಯದು. ಆದರೆ ಪೆಟ್ಟಿಗೆಯನ್ನು ಕೊಳ್ಳುವ ಮೊದಲು ಅವನು ತಂದೆಯೊಡನೆ ಒಂದು ಮಾತನ್ನಾಡಬಹುದು: “ಅಪ್ಪಾ, ನೀವಿಬ್ಬರೇ ಇರುವುದನ್ನು ನೆನೆದರೆ ನನಗೆ ಭಯವಾಗುತ್ತದೆ.” ಗಂಡುಮಕ್ಕಳು ತಂದೆಯ ಎದುರಿಗೆ ಸುಲಭವಾಗಿ ಆಡುವ ಮಾತಲ್ಲ ಅದು. ಅದನ್ನು ಆಡಿದ ಮೇಲೆ ತಂದೆಯು ಬ್ಯಾಂಡನ್ನು ಒಪ್ಪಲಿ, ಒಪ್ಪದಿರಲಿ, ಕೊಡಬೇಕಾದದ್ದು ಸಂದಿರುತ್ತದೆ. ಅದನ್ನು ಆಡದೆ ಕಳುಹಿಸಿದ ಯಂತ್ರವು ದಿನವೂ ಸಾವಿರ ಅಂಕಿಗಳನ್ನು ತಂದರೂ, ಮಗನಿಗೆ ತಿಳಿಯಬೇಕಾದದ್ದು ತಿಳಿಯದೆಯೇ ಉಳಿಯುತ್ತದೆ.