ಔಷಧ ಪ್ರಯೋಗ ಮತ್ತು ಬಡವರ ಮಕ್ಕಳು: ಒಂದು ನೈತಿಕ ಜಿಜ್ಞಾಸೆ

ಹೊಸ ಔಷಧವೊಂದನ್ನು ಮಕ್ಕಳ ಮೇಲೆ ಪ್ರಯೋಗಿಸಿ ನೋಡುವುದು ಧರ್ಮಸಮ್ಮತವೇ? ಈ ಪ್ರಶ್ನೆಗೆ ನಮ್ಮಲ್ಲಿ ಬಹುಮಂದಿ 'ಕೂಡದು' ಎಂದೇ ಉತ್ತರಿಸುವರು. ತನ್ನ ಹಿತವನ್ನು ತಾನರಿಯದ, ಬೇಡವೆಂದು ಹೇಳಲೂ ಬಾರದ ಜೀವವನ್ನು ಪರೀಕ್ಷೆಗೆ ಒಡ್ಡುವುದಕ್ಕೆ ಮನಸ್ಸು ಅಳುಕುತ್ತದೆ. ಮಗು ಬಡವರದಾದರಂತೂ ಅಳುಕು ಇಮ್ಮಡಿಯಾಗುತ್ತದೆ. ಈ ಅಳುಕು ಗೌರವಾರ್ಹವಾದುದು. ಆದರೆ ಅಲ್ಲಿಗೇ ನಿಂತರೆ ಅದರಿಂದಲೂ ಮಕ್ಕಳಿಗೆ ಕೇಡುಂಟು.

1940ರ ದಶಕದಲ್ಲಿ ಅಮೆರಿಕದ ಉತ್ತಮ ಆಸ್ಪತ್ರೆಗಳಲ್ಲಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಧಾರಾಳವಾಗಿ ಆಮ್ಲಜನಕ ಕೊಡುವ ರೂಢಿ ಬೆಳೆಯಿತು. ಉದ್ದೇಶ ಶುದ್ಧ ಕರುಣೆಯದೇ. ಆದರೆ ಸಾವಿರಾರು ಮಕ್ಕಳು ಕಣ್ಣು ಕಳೆದುಕೊಂಡರು. ಮಿತಿಮೀರಿದ ಆಮ್ಲಜನಕವೇ ಇದಕ್ಕೆ ಕಾರಣವೆಂಬುದು 1953-54ರಲ್ಲಿ 18 ಆಸ್ಪತ್ರೆಗಳು ಕೂಡಿ ನಡೆಸಿದ ಪ್ರಯೋಗದಿಂದ ಸ್ಥಿರಪಟ್ಟಿತು. ಇಲ್ಲಿ ಕೇಡು ಮಾಡಿದ್ದು ಪ್ರಯೋಗವಲ್ಲ, ಪರೀಕ್ಷೆಯಿಲ್ಲದೆ ರೂಢಿಗೆ ಬಂದ ಚಿಕಿತ್ಸೆ.

ಒಂದೆಡೆಯ ಮಕ್ಕಳಲ್ಲಿ ಕಂಡ ಫಲ ಮತ್ತೊಂದೆಡೆಯ ಮಕ್ಕಳಲ್ಲಿ ಕಾಣಲೇಬೇಕೆಂಬ ನಿಯಮವೂ ಇಲ್ಲ. ರೋಟಾವೈರಸ್ ಭೇದಿಯ ವಿರುದ್ಧ ಬಾಯಿಗೆ ಹಾಕುವ ಲಸಿಕೆಗಳು ಶ್ರೀಮಂತ ದೇಶಗಳಲ್ಲಿ ಕೊಡುವಷ್ಟು ರಕ್ಷಣೆಯನ್ನು ಬಡ ದೇಶಗಳಲ್ಲಿ ಕೊಡುವುದಿಲ್ಲ. ನಮ್ಮಲ್ಲೇ ತಯಾರಾದ ರೋಟಾವ್ಯಾಕ್ ಲಸಿಕೆಯನ್ನು ದೆಹಲಿ, ಪುಣೆ, ವೆಲ್ಲೂರುಗಳ 6,799 ಶಿಶುಗಳಲ್ಲಿ ಪರೀಕ್ಷಿಸಿದಾಗ, ತೀವ್ರ ಭೇದಿಯಿಂದ ದೊರೆತ ರಕ್ಷಣೆ ನೂರಕ್ಕೆ ಸುಮಾರು 55ರಷ್ಟು. ಈ ಸತ್ಯ ಇಲ್ಲಿಯ ಮಕ್ಕಳಿಂದಲೇ ತಿಳಿಯಬೇಕಾಗಿತ್ತು. 2016ರಲ್ಲಿ ಅದು ಸರ್ಕಾರದ ಲಸಿಕಾ ಕಾರ್ಯಕ್ರಮವನ್ನು ಸೇರಿತು.

ಈಗ ನಮ್ಮ ನೆರೆಯನ್ನೇ ನೋಡೋಣ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಇವು ಬೆಂಗಳೂರಿನಿಂದ ಸುಮಾರು 60ರಿಂದ 80 ಕಿ.ಮೀ. ದೂರದ ಊರುಗಳು. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಗಳು ರಾಜಧಾನಿಯಲ್ಲಿವೆ. ಭೂಪಟದಲ್ಲಿ ಇದು ದೂರವೇ ಅಲ್ಲ. ಆದರೆ ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ದಿನಗೂಲಿಗೆ ದುಡಿಯುವ ತಾಯಿಗೆ ಒಂದು ಪ್ರಯಾಣವೆಂದರೆ ಒಂದು ದಿನದ ಕೂಲಿಯ ನಷ್ಟ. ಪ್ರಯೋಗಕ್ಕೆ ಸೇರಿದ ಮಗುವನ್ನಾದರೋ ತಿಂಗಳುಗಟ್ಟಲೆ ಮತ್ತೆ ಮತ್ತೆ ಕರೆತರಬೇಕು. ಈ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಸಮ್ಮತಿಪತ್ರ ಕನ್ನಡದಲ್ಲಿದ್ದರೂ ಆಕೆಗೆ ಅದು ಪರಭಾಷೆಯೇ. ಹೀಗೆ ಯಾರೂ ಬಾಗಿಲು ಮುಚ್ಚದಿದ್ದರೂ ಮಗು ಹೊರಗುಳಿಯುತ್ತದೆ. ಮಗುವನ್ನು ರಕ್ಷಿಸಿದೆವೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ!

ಹಾಗಾದರೆ ಬಾಗಿಲು ತೆರೆದರೆ ಸಾಕೇ? 2009ರಲ್ಲಿ ಅಂದಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರದಲ್ಲಿಯೂ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಬಾಲಕಿಯರಿಗೆ ಕೊಡುವ ಅಧ್ಯಯನ ನಡೆಯಿತು. ಖಮ್ಮಂನಲ್ಲಿ ಅನೇಕ ಬುಡಕಟ್ಟು ಬಾಲಕಿಯರ ಪರವಾಗಿ ತಂದೆತಾಯಿಗಳ ಬದಲು ವಸತಿಶಾಲೆಯ ವಾರ್ಡನ್‌ಗಳು ಸಹಿ ಹಾಕಿದ್ದರು. ಕೆಲವು ಸಾವುಗಳು ವರದಿಯಾಗಿ 2010ರಲ್ಲಿ ಅಧ್ಯಯನ ನಿಂತಿತು. 2013ರಲ್ಲಿ ಸಂಸದೀಯ ಸಮಿತಿ ಅದನ್ನು ಕಟುವಾಗಿ ಖಂಡಿಸಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿತು. ಹಾಗಾದ ಮೇಲೆ ದೋಷವೆಲ್ಲಿ ಎಂದು ಕೆಲವರು ಕೇಳಬಹುದು. ಕುಂದಕುಂದಾಚಾರ್ಯರ 'ಪ್ರವಚನಸಾರ'ವನ್ನು ಬಲ್ಲವರಿಗೆ ಉತ್ತರ ಹೊಸದಲ್ಲ: ಜೀವ ಸಾಯಲಿ, ಬದುಕಲಿ, ಎಚ್ಚರವಿಲ್ಲದೆ ನಡೆಯುವವನಿಗೆ ಹಿಂಸೆಯ ದೋಷ ನಿಶ್ಚಿತ, ಎಚ್ಚರದಿಂದ ನಡೆಯುವವನಿಗೆ ಕೇವಲ ಪ್ರಾಣಹಾನಿಯಿಂದ ಬಂಧವಿಲ್ಲ. ದೋಷವಿರುವುದು ಪ್ರಮಾದದಲ್ಲಿ. ಕೇಳಬೇಕಾದವರನ್ನು ಕೇಳದೆ ಬಿಟ್ಟದ್ದೇ ಅಲ್ಲಿಯ ಪ್ರಮಾದ. ಈ ದೃಷ್ಟಿಯಿಂದ ನೋಡಿದರೆ ಪ್ರಯೋಗವನ್ನು ಪೂರ್ತಿ ನಿಷೇಧಿಸಬೇಕೆಂಬ ವಾದವೂ, ಫಲ ಒಳ್ಳೆಯದಾದರೆ ಸಾಕೆಂಬ ವಾದವೂ ನಿಲ್ಲುವುದಿಲ್ಲ.

ಸಂದೇಹ ಇನ್ನೂ ಆಳವಾದುದು. ಬೇರೆ ಚಿಕಿತ್ಸೆಯೇ ದೊರೆಯದ ತಾಯಿ ಪ್ರಯೋಗಕ್ಕೆ ಒಪ್ಪಿದರೆ ಅದು ಒಪ್ಪಿಗೆಯೋ, ನಿರುಪಾಯವೋ? 2019ರ ಔಷಧ ಪ್ರಯೋಗ ನಿಯಮಗಳು ತಂದೆತಾಯಿಗಳ ಲಿಖಿತ ಸಮ್ಮತಿಯನ್ನೂ, ತಿಳಿವಳಿಕೆ ಬಂದ ಮಗುವಿನ ಒಪ್ಪಿಗೆಯನ್ನೂ, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರವನ್ನೂ ವಿಧಿಸುತ್ತವೆ. ಒಳ್ಳೆಯದೇ. ಆದರೆ ನಿರುಪಾಯವನ್ನು ಕಾಗದದಿಂದ ನಿವಾರಿಸಲಾಗದು. ಸಾಧಾರಣ ಚಿಕಿತ್ಸೆ ಮೊದಲು ಎಲ್ಲರಿಗೂ ಸಿಗಬೇಕು. ಪ್ರಯೋಗ ಅದರ ಮೇಲಿನದಾಗಬೇಕು. ಹಾಗೆಂದು ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರವೂ ಪರಿಪೂರ್ಣವಾಗುವತನಕ ಕಾಯೋಣವೆಂದರೆ ಇಂದಿನ ಮಕ್ಕಳು ಬೆಳೆದು ಮುದುಕರಾದಾರು. ಆ ಒಂದು ಕಾಯಿಲೆಗೆ, ಆ ಒಂದು ಊರಿನಲ್ಲಿ ಸಾಧಾರಣ ಚಿಕಿತ್ಸೆಯನ್ನು ಒದಗಿಸಿಯೇ ಪ್ರಯೋಗ ಆರಂಭಿಸಬಹುದಷ್ಟೆ.

ಇದು ಆಗದ ಮಾತಲ್ಲ. 2014ರಲ್ಲಿ ಚಾಮರಾಜನಗರ ಜಿಲ್ಲೆಯ 55 ಗ್ರಾಮಗಳಲ್ಲಿ ರಕ್ತಹೀನತೆಯುಳ್ಳ 534 ಪುಟ್ಟ ಮಕ್ಕಳಲ್ಲಿ ಒಂದು ಅಧ್ಯಯನ ನಡೆಯಿತು. ರೂಢಿಯ ಕಬ್ಬಿಣಾಂಶದ ಔಷಧ ಎರಡು ಗುಂಪುಗಳಿಗೂ ಇತ್ತು. ಒಂದು ಗುಂಪಿನ ಮನೆಗಳಿಗೆ ಮಾತ್ರ ತರಬೇತಿ ಪಡೆದ ಕಾರ್ಯಕರ್ತೆಯರು ಹೋಗಿ ತಾಯಂದಿರಿಗೆ ಆಹಾರ, ಔಷಧಗಳ ವಿಷಯ ತಿಳಿಹೇಳಿದರು. ಅಲ್ಲಿ ನೂರಕ್ಕೆ ಸುಮಾರು 56 ಮಕ್ಕಳು ಗುಣಹೊಂದಿದರೆ ಇನ್ನೊಂದರಲ್ಲಿ ಸುಮಾರು 41. ಯಾವ ಮಗುವನ್ನೂ ಚಿಕಿತ್ಸೆಯಿಂದ ವಂಚಿಸದೆ, ಯಾರನ್ನೂ ಬೆಂಗಳೂರಿಗೆ ಅಲೆಸದೆ ಒಂದು ಉಪಯುಕ್ತ ಜ್ಞಾನ ದೊರೆಯಿತು. ಮೇಲೆ ಹೇಳಿದ ಶಿಶುಗಳ ಅಂಧತ್ವಕ್ಕೆ ಸಂಬಂಧಿಸಿ 2008ರಲ್ಲಿ ಕರ್ನಾಟಕದಲ್ಲಿ ಆರಂಭವಾದ 'ಕಿಡ್ರಾಪ್' ಯೋಜನೆಯೂ ಇದೇ ಜಾಡಿನದು: ಅದು ಪ್ರಯೋಗವಲ್ಲ, ಸೇವೆ, ತಂತ್ರಜ್ಞರು ಕ್ಯಾಮೆರಾವನ್ನು ಜಿಲ್ಲೆಗಳ ಶಿಶು ವಾರ್ಡುಗಳಿಗೆ ಒಯ್ಯುತ್ತಾರೆ, ಚಿತ್ರ ನೋಡುವ ವೈದ್ಯರು ಬೆಂಗಳೂರಿನಲ್ಲಿರುತ್ತಾರೆ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ; ಮಗುವನ್ನು ಆಗಾಗ ಪರೀಕ್ಷಿಸುವ ಕಾರ್ಯ ಅಲ್ಲಿಯೋ ತಾಲ್ಲೂಕು ಆಸ್ಪತ್ರೆಯಲ್ಲಿಯೋ ನಡೆಯಬಹುದು. ಸಮ್ಮತಿ ಕೇಳುವವರು ತೆಲುಗು ಬಲ್ಲವರಾಗಿರಬೇಕು. ಆದರೆ ಆ ಕೆಲಸವನ್ನು ಊರಿನ ಆಶಾ ಕಾರ್ಯಕರ್ತೆಯ ಹೆಗಲಿಗೆ ಹಾಕುವುದು ನನಗೆ ಸರಿಕಾಣದು. ಮುಂದೆ ಬಾಣಂತನಕ್ಕೂ ಲಸಿಕೆಗೂ ಅವಳನ್ನೇ ನಂಬಬೇಕಾದ ತಾಯಿ ಅವಳ ಮುಖ ನೋಡಿ 'ಬೇಡ' ಎನ್ನಲಾರಳು. ಮನೆಗೆ ಹೋಗಿ, ಗಂಡನೊಡನೆ, ಅತ್ತೆಯೊಡನೆ ಮಾತಾಡಿ, ಮರುದಿನ ಹೇಳುವಷ್ಟು ಅವಕಾಶವಿರಬೇಕು. ಬಸ್ಸಿನ ಖರ್ಚನ್ನೂ ಅಂದಿನ ಕೂಲಿಯನ್ನೂ ಒಪ್ಪಿದವಳಿಗೆ ಕೊಡುವಂತೆಯೇ, ಬಂದು ಎಲ್ಲವನ್ನೂ ಕೇಳಿ ಒಲ್ಲೆನೆಂದು ಹಿಂದಿರುಗುವವಳಿಗೂ ಕೊಡಬೇಕು.